ಆತುರ ಬೇರೆ, ಅವಸರ ಬೇರೆ



ಆತುರ, ಅವಸರ ಎಂಬ ಎರಡು ಪದಗಳನ್ನು ನಿತ್ಯದ ಮಾತಿನಲ್ಲಿ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಇವುಗಳ ಮೂಲವನ್ನು ವಿಚಾರಿಸಿದರೆ ಬದುಕಿಗೆ ಬೇಕಾದ ಪಾಠವೇ ದೊರೆಯುತ್ತದೆ.

ಸಂಸ್ಕೃತದಲ್ಲಿ ಆತುರ ಎಂದರೆ ರೋಗಿ, ಬಾಧೆಪಡುವವನು. ಆಯುರ್ವೇದವು ಆರೋಗ್ಯವಂತನನ್ನು ಸ್ವಸ್ಥನೆಂದೂ ರೋಗಪೀಡಿತನನ್ನು ಆತುರನೆಂದೂ ಕರೆಯುತ್ತದೆ. ಮರಣ ಸಮೀಪಿಸಿದಾಗ ಸ್ವೀಕರಿಸುವ ಸಂನ್ಯಾಸಕ್ಕೆ ಆತುರ ಸಂನ್ಯಾಸವೆಂದೇ ಹೆಸರು. ಸ್ವಸ್ಥನೆಂದರೆ ತನ್ನಲ್ಲಿ ತಾನು ನೆಲೆನಿಂತವನು. ಹಾಗೆ ನಿಲ್ಲಲಾರದೆ ಚಡಪಡಿಸುವುದೇ ಆತುರ. ಕನ್ನಡಿಗರು ತಾಳ್ಮೆಗೇಡಿತನಕ್ಕೆ ರೋಗಿಯ ಹೆಸರನ್ನೇ ಇಟ್ಟದ್ದು ಎಷ್ಟು ಅರ್ಥಪೂರ್ಣ!

ಅವಸರದ ಮೂಲಾರ್ಥವಾದರೋ ತಕ್ಕ ಸಮಯ, ಸಂದರ್ಭ. ಹಿಂದಿಯಲ್ಲಿ ಇಂದಿಗೂ ಅವಕಾಶಕ್ಕೆ ಅವಸರವೆನ್ನುತ್ತಾರೆ. ತಕ್ಕ ಸಮಯವೆಂಬ ಮಾತನ್ನೇ ನಾವು ಧಾವಂತವನ್ನಾಗಿ ಮಾಡಿಕೊಂಡೆವು.

ಈ ಭೇದವನ್ನು ಎರೆಹೊಲದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ನಿಂತ ಕೂಡಲೇ ಆತ ಕೂರಿಗೆ ಹೂಡುವುದಿಲ್ಲ. ಹೂಡಿದರೆ ಮಣ್ಣು ಅಂಟಿ ಹೆಂಟೆಯಾಗುತ್ತದೆ. ಹದ ಬರುವವರೆಗೆ ಕಾಯುತ್ತಾನೆ. ಹದ ಬಂದಾಗ ಮಾತ್ರ ಒಂದು ದಿನವನ್ನೂ ಕಳೆಯುವುದಿಲ್ಲ. ತಾಳ್ಮೆಯೆಂದರೆ ಸೋಮಾರಿತನವಲ್ಲ, ಹದವನ್ನು ಅರಿಯುವುದು.

ಹಿಂದೊಮ್ಮೆ ತಂದೆ-ಮಗ ಇಬ್ಬರೂ ಮಠಕ್ಕೆ ಬಂದರು. "ಇಂದೇ ಪಾಲು ಮಾಡಿಸಿರಿ ಬುದ್ಧಿ, ನನ್ನ ಹೊಲ ಮಾರಿ ಹೋಗುತ್ತೇನೆ" ಎಂಬುದು ಮಗನ ಹಟ. ತಂದೆಯ ಕಣ್ಣಲ್ಲಿ ನೀರು. "ಜೋಳದ ರಾಶಿ ಮುಗಿಯಲಪ್ಪಾ, ಆಮೇಲೆ ಬನ್ನಿ" ಎಂದೆವು. ರಾಶಿ ಮುಗಿಸಿ ಬಂದರು. ಪಾಲಂತೂ ಆಯಿತು, ಆದರೆ ಜಗಳವಾಗಲಿಲ್ಲ. ಹೊಲವೂ ಉಳಿಯಿತು, ತಂದೆ-ಮಗನ ಮಾತೂ ಉಳಿಯಿತು.

ಭಕ್ತಿಗೂ ಇದೇ ನ್ಯಾಯ. ಅಕ್ಕಮಹಾದೇವಿಯ ಹಂಬಲಕ್ಕಿಂತ ಮಿಗಿಲಾದ ಹಂಬಲವೆಲ್ಲಿದೆ? ಆದರೂ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಕಠಿಣ ಪ್ರಶ್ನೆಗಳಿಗೆ ಆಕೆ ನಿಂತು ಉತ್ತರಿಸಿದಳೆಂದು ಶೂನ್ಯಸಂಪಾದನೆ ಸಾರುತ್ತದೆ. ಹಂಬಲವಿತ್ತು, ಆತುರವಿರಲಿಲ್ಲ. ಷಟ್‌ಸ್ಥಲದಲ್ಲಿಯೂ ಭಕ್ತನಿಂದ ಐಕ್ಯದವರೆಗೆ ಆರು ಮೆಟ್ಟಿಲುಗಳಿವೆ. ನಾವೋ, ಅಂಗೈಯಲ್ಲಿ ಇಷ್ಟಲಿಂಗವಿರುವಾಗಲೂ ಕಣ್ಣನ್ನು ಗಡಿಯಾರದ ಮೇಲಿಡುತ್ತೇವೆ!

ಆದ್ದರಿಂದ ಕಟುವಾದ ಮಾತು ಬಾಯಿಗೆ ಬಂದಾಗ, ಹೊಲ ಮಾರುವ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಒಂದು ಕ್ಷಣ ನಿಲ್ಲಿರಿ. ಇದು ಅವಸರವೋ, ಆತುರವೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಅವಸರವಾದರೆ ಮುಂದುವರಿಯಿರಿ, ಆತುರವಾದರೆ ಅದು ರೋಗ, ಮೊದಲು ಅದಕ್ಕೆ ಮದ್ದು ಮಾಡಿರಿ.

ಸರ್ವರಿಗೂ ಸನ್ಮಂಗಳವಾಗಲಿ.