ಈ ಬೇಲಿ ಕಾಯುತ್ತಿರುವುದು ಯಾರ ಹೊಲವನ್ನು?

ನಿಮ್ಮ ಫೆಬ್ರವರಿಯ ಸ್ಯಾಲರಿ ಸ್ಲಿಪ್ ತೆಗೆದು ನೋಡಿ. ತಿಂಗಳಿಗೆ 200 ರೂಪಾಯಿ ಹಿಡಿಯುತ್ತಿದ್ದ ವೃತ್ತಿ ತೆರಿಗೆ ಅದೊಂದು ತಿಂಗಳು 300 ಆಗಿರುತ್ತದೆ. ಹನ್ನೊಂದು ತಿಂಗಳ 2200ಕ್ಕೆ ಈ 300 ಕೂಡಿದರೆ ವರ್ಷಕ್ಕೆ 2500. ಅದರ ಮೇಲೆ ಒಂದು ರೂಪಾಯಿ ಕೇಳುವ ಅಧಿಕಾರವೂ ಮಹಾರಾಷ್ಟ್ರಕ್ಕಿಲ್ಲ, ಕರ್ನಾಟಕಕ್ಕೂ ಇಲ್ಲ. ಇದು ಸಂವಿಧಾನದ 276ನೇ ವಿಧಿ ಹಾಕಿದ ಬೇಲಿ. 1950ರಲ್ಲಿ 250 ರೂಪಾಯಿ ಇದ್ದ ಮಿತಿಯನ್ನು 1988ರ 60ನೇ ತಿದ್ದುಪಡಿ 2500ಕ್ಕೆ ಏರಿಸಿತು. ಆಮೇಲೆ ಸಂಬಳ, ಬಾಡಿಗೆ, ಬೇಳೆ ಎಲ್ಲದರ ಲೆಕ್ಕವೂ ಬದಲಾಯಿತು. 15ನೇ ಹಣಕಾಸು ಆಯೋಗ 18,000ಕ್ಕೆ ಏರಿಸಿ ಎಂದು ಶಿಫಾರಸು ಮಾಡಿತು. ಬೇಲಿ ಮಾತ್ರ ಅಲುಗಾಡಿಲ್ಲ.

"ಒಳ್ಳೆಯದೇ ಆಯಿತಲ್ಲ, ಸರ್ಕಾರಕ್ಕೆ ಕಡಿವಾಣ ಬೇಕು" ಎನ್ನುವವರು ನಮ್ಮಲ್ಲಿ ಬಹಳ. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕೂತವರಿಗೆ ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಸ್ವಲ್ಪ ಲೆಕ್ಕ ಹಾಕೋಣ. ಕಚೇರಿಯ ಗೇಟಿನಲ್ಲಿ ನಿಲ್ಲುವ ಕಾವಲುಗಾರನ ಸಂಬಳ ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. ಅವನು ಕೊಡುವುದೂ 2500, ಅಂದರೆ ದುಡಿಮೆಯ ಶೇ. 1.4. ಒಳಗೆ ಕೂತು ವರ್ಷಕ್ಕೆ 50 ಲಕ್ಷ ಎಣಿಸುವವರು ಕೊಡುವುದೂ 2500, ಶೇ. 0.05. ಅವನ ಹೊರೆ ಇಳಿಸಿ ಇವರಿಂದ ತುಂಬಿಕೊಳ್ಳೋಣವೆಂದರೆ ಕಾನೂನು ಬಿಡುವುದಿಲ್ಲ.

ಮಿತಿ ಹಾಕಿದ ಮಾತ್ರಕ್ಕೆ ತೆರಿಗೆ ಮಾಯವಾಗುವುದೂ ಇಲ್ಲ, ಬೇರೆ ಬಾಗಿಲಿನಿಂದ ಬರುತ್ತದೆ. ವರಮಾನ ತೆರಿಗೆ ಹಾಕುವುದು ಕೇಂದ್ರ. 2017ರ ಜುಲೈನಿಂದ ಜಿಎಸ್‌ಟಿ ದರಗಳನ್ನು ಮಂಡಳಿ ತೀರ್ಮಾನಿಸುತ್ತದೆ. ರಾಜ್ಯದ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಪೆಟ್ರೋಲು, ಡೀಸೆಲು, ಮದ್ಯ, ಮುದ್ರಾಂಕ, ವಾಹನ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಸುಮಾರು 3 ರೂಪಾಯಿ. ಬಂಕಿನಲ್ಲಿ ಹಳೇ ಮೊಪೆಡ್ಡಿನವನಿಗೂ ಹೊಸ ಕಾರಿನವನಿಗೂ ಒಂದೇ ದರ.

ಈ ತೆರಿಗೆಯ ಹುಟ್ಟನ್ನು ಪುಣೆಯಲ್ಲಿರುವ ನಾವು ಮರೆಯಬಾರದು. 1972ರ ಭೀಕರ ಬರದಲ್ಲಿ ಮಹಾರಾಷ್ಟ್ರ ಹಳ್ಳಿಯ ಜನರಿಗೆ ಕೆಲಸ ಕೊಡುವ ಉದ್ಯೋಗ ಖಾತ್ರಿ ಯೋಜನೆ ಶುರುಮಾಡಿತು. ಅದಕ್ಕೆ ಹಣ ಹೊಂದಿಸಲು 1975ರಲ್ಲಿ ವೃತ್ತಿ ತೆರಿಗೆ ತಂದಿತು. ಪಟ್ಟಣದ ಸಂಬಳದಾರ ಕೊಟ್ಟ ದುಡ್ಡು ಬರದ ಊರಿನಲ್ಲಿ ಕೂಲಿಯಾಯಿತು. 2005ರಲ್ಲಿ ಇಡೀ ದೇಶಕ್ಕೆ ಬಂದ ಉದ್ಯೋಗ ಖಾತ್ರಿ ಕಾಯ್ದೆಗೆ ಇದೇ ಮಾದರಿ. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಗುಳೆ ಬಂದು ಇಲ್ಲಿ ಕಟ್ಟಡ ಕಟ್ಟುವವರನ್ನು ಕಂಡವರಿಗೆ ಅಂಥ ದುಡ್ಡಿನ ಬೆಲೆ ಹೇಳಬೇಕಿಲ್ಲ.

ಖರ್ಚಿಗೂ ಇಂಥದೇ ಬೇಲಿ ಇದೆ. 2002ರಲ್ಲೇ ಕರ್ನಾಟಕ ಕಾಯ್ದೆ ಮಾಡಿ, ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ. 3 ದಾಟಬಾರದೆಂದು ತನಗೆ ತಾನೇ ಗೆರೆ ಹಾಕಿಕೊಂಡಿತು. ಮರುವರ್ಷ ಕೇಂದ್ರವೂ ಅಂಥದೇ ಕಾಯ್ದೆ ಮಾಡಿತು. 2024-25ರಲ್ಲಿ ಅದರ ಕೊರತೆ ಶೇ. 4.8. ರಾಜ್ಯ ಹಾಗೆ ಗೆರೆ ದಾಟುವಂತಿಲ್ಲ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಕೇಳಬೇಕು. ಇದನ್ನು ಪ್ರಶ್ನಿಸಿ ಕೇರಳ ಹಾಕಿದ ದಾವೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸಂವಿಧಾನ ಪೀಠಕ್ಕೆ ಒಪ್ಪಿಸಿತು.

ರಾಜ್ಯಗಳು ದುಂದು ಮಾಡುವುದಿಲ್ಲವೇ? ಮಾಡುತ್ತವೆ. ಆದರೆ ಮಿತಿಗೆ ದುಂದು ಯಾವುದು, ಅಗತ್ಯ ಯಾವುದು ಎಂದು ಗೊತ್ತಾಗುವುದಿಲ್ಲ. ಸಂಬಳ, ಪಿಂಚಣಿ, ಬಡ್ಡಿ ಕೊಡಲೇಬೇಕು. ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಶಾಲೆಯ ಕೊಠಡಿ, ಕೆರೆಯ ಹೂಳೆತ್ತುವ ಕೆಲಸ. ದುಂದಿಗೆ ಮದ್ದು ಮಹಾಲೇಖಪಾಲರ ವರದಿ, ಸದನದ ಚರ್ಚೆ, ಕೊನೆಗೆ ಮತಪೆಟ್ಟಿಗೆ. ಎಷ್ಟು ತೆರಿಗೆ, ಯಾರಿಂದ, ಯಾವುದಕ್ಕೆ ಎಂಬುದನ್ನು ನಾವು ಆರಿಸಿದವರೇ ಹೇಳಲಿ, ತಪ್ಪಿದರೆ ನಾವೇ ಇಳಿಸೋಣ.

2500ರ ಬೇಲಿ ಕಿತ್ತರೆ ನನ್ನ ಸಂಬಳದಿಂದಲೂ ಹೆಚ್ಚು ಹೋಗುತ್ತದೆ. ಹೋಗಲಿ. ಇಷ್ಟು ವರ್ಷ ಆ ಬೇಲಿ ಕಾದದ್ದು ನಮ್ಮ ಹೊಲವನ್ನು, ಗೇಟಿನಲ್ಲಿ ನಿಂತವನದ್ದನ್ನಲ್ಲ.