ಎನ್ನೆಸ್ಸೆಸ್ ಎಂದರೆ ಬರೀ ಗುದ್ದಲಿಯೇ?

ಕನ್ಯಾನದಿಂದ ವಿಟ್ಲಕ್ಕೋ ಪುತ್ತೂರಿಗೋ ಕಾಲೇಜಿಗೆ ಬಸ್ಸು ಹಿಡಿಯುವ ಹುಡುಗ ‘ಎನ್ನೆಸ್ಸೆಸ್ ಸೇರುತ್ತೇನೆ’ ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ‘ಓದು ಬಿಟ್ಟು ಮಣ್ಣು ಹೊರಲಿಕ್ಕೆ ಹೋಗುವುದಾ?’ ಮಗಳಾದರಂತೂ ಏಳು ದಿನ ಹೊರಗುಳಿಯುವ ಶಿಬಿರದ ಮಾತೆತ್ತುವುದೇ ಕಷ್ಟ. ಸಹಪಾಠಿಗಳಿಗೋ, ಅದು ಕ್ಲಾಸು ತಪ್ಪಿಸುವವರ ಕೂಟ.

ಆಪಾದನೆ ಪೂರ್ತಿ ಸುಳ್ಳಲ್ಲ. ಫೋಟೋಕ್ಕಾಗಿ ಪೊರಕೆ ಹಿಡಿಯುವವರೂ ಇದ್ದಾರೆ. ಆದರೆ ಗಾಂಧಿ ಜನ್ಮಶತಾಬ್ದಿಯ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆ ಕೇಳುವುದು ಎರಡು ವರ್ಷಕ್ಕೆ 240 ಗಂಟೆ. ವಾರಕ್ಕೆ ಹಂಚಿದರೆ ಎರಡೂವರೆ ಗಂಟೆಯೂ ಆಗದು. ಒಂದು ಕ್ರಿಕೆಟ್ ಪಂದ್ಯಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ!

ನಿಜವಾದ ಲಾಭ ಕಾಣುವುದು ಶಿಬಿರದ ಅಡುಗೆ ಸರದಿಯಲ್ಲಿ. ಮನೆಯಲ್ಲಿ ಉಂಡ ತಟ್ಟೆ ಎತ್ತದ ಹುಡುಗ 50 ಜನರ ಗಂಜಿಯ ಪಾತ್ರೆ ತಿಕ್ಕುತ್ತಾನೆ. ವೇದಿಕೆ ಕಂಡರೆ ನಡುಗುವ ಹುಡುಗಿ ರಾತ್ರಿ ಕಾರ್ಯಕ್ರಮ ನಿರೂಪಿಸುತ್ತಾಳೆ. ಮನೆಮಾತು ತುಳುವೋ, ಬ್ಯಾರಿಯೋ, ಮಲಯಾಳವೋ, ಹವಿಗನ್ನಡವೋ, ಊಟಕ್ಕೆ ಪಂಕ್ತಿ ಒಂದೇ. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ವಿದ್ಯಾರ್ಥಿ ಸಂಘಗಳಿವೆ. ಅಲ್ಲಿ ಹೊಸಬರನ್ನು ಹಳಬರೇ ಆರಿಸುತ್ತಾರೆ. ಇಲ್ಲಿ ಹಳಬರ ಕೃಪೆ ಬೇಕಿಲ್ಲ.

ಹಾಗೆಂದು ಹೆತ್ತವರು ಕಣ್ಣು ಮುಚ್ಚಿ ಸಹಿ ಹಾಕಬೇಕಿಲ್ಲ. ಶಿಬಿರ ಯಾವ ಊರಲ್ಲಿ, ಹುಡುಗಿಯರ ಜೊತೆ ಅಧ್ಯಾಪಕಿಯರು ಉಳಿಯುತ್ತಾರೆಯೇ, ಶೌಚಾಲಯ ಹೇಗಿದೆ, ಪರೀಕ್ಷೆಗೆ ಎಷ್ಟು ದಿನ ಉಳಿದಿರುತ್ತದೆ ಎಂದು ಯೋಜನಾಧಿಕಾರಿಯನ್ನು ನೇರವಾಗಿ ಕೇಳಬಹುದು. ಪ್ರಶ್ನೆ ಕೇಳಿದರೆ ಮಕ್ಕಳಿಗೆ ತುಸು ನಾಚಿಕೆಯಾದೀತು, ಅಷ್ಟೆ.