ಬೆಟ್ಟ ಇಳಿದ ಮೇಲಿನ ಎಂಟು ದಿನ

ಚಾರಣದ ದಾರಿಯೊಂದಕ್ಕೆ ದಿನಕ್ಕೆ ಗರಿಷ್ಠ 300 ಮಂದಿ. ಇದು ಜಾಸ್ತಿಯಾಯಿತು ಎನ್ನುವ ಪರಿಸರಪ್ರಿಯರು ಒಂದು ಕಡೆ, ಸಾಲದು ಎನ್ನುವ ಟ್ರೆಕ್ಕಿಂಗ್ ಆಯೋಜಕರು ಮತ್ತು ಹೋಂಸ್ಟೇ ಮಾಲೀಕರು ಇನ್ನೊಂದು ಕಡೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆ ನೆರೆದಂಥ ಚಿತ್ರಗಳು ಹರಿದಾಡಿದಾಗ ಶುರುವಾದ ಈ ಜಗಳ, ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣದ ಆನ್‌ಲೈನ್ ಬುಕಿಂಗ್ ಬಂದ ಮೇಲೂ ಮುಗಿದಿಲ್ಲ. ಮುಗಿಯುವುದೂ ಇಲ್ಲ, ಏಕೆಂದರೆ ಎರಡೂ ಕಡೆಯವರು ಹಿಡಿದು ಜಗ್ಗುತ್ತಿರುವುದು ತಪ್ಪು ಸಂಖ್ಯೆಯನ್ನು. ಮಲೆನಾಡಿನ ಬೆಟ್ಟ ಹತ್ತುವವರ ಜೀವಕ್ಕೆ ಸಂಬಂಧಪಟ್ಟ ಸಂಖ್ಯೆ ಬೇರೆ ಇದೆ. ಅದು 8.

ಸೋಂಕಿರುವ ಉಣುಗು ಕಚ್ಚಿದ ಮೇಲೆ ಮಂಗನ ಕಾಯಿಲೆಯ ಜ್ವರ ಏರಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಈ ಲೆಕ್ಕವನ್ನು ವಾರಾಂತ್ಯದ ಚಾರಣಕ್ಕೆ ಹೊಂದಿಸಿ ನೋಡಿ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿದ ಹುಡುಗ ಶನಿವಾರ ಕೊಡಚಾದ್ರಿ ಹತ್ತುತ್ತಾನೆ, ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಬೆಳಗ್ಗೆ ಕಚೇರಿ. ಶನಿವಾರವೇ ಉಣುಗು ಕಚ್ಚಿದ್ದರೆ ಜ್ವರ ಬರುವುದು ಮಂಗಳವಾರಕ್ಕೂ ಮುಂದಿನ ಭಾನುವಾರಕ್ಕೂ ನಡುವೆ. ಆಗ ಅವನು ಹೊಸನಗರ ತಾಲ್ಲೂಕಿನಲ್ಲಿ ಇರುವುದಿಲ್ಲ. ಬೆಳ್ಳಂದೂರಿನ ಪಿ.ಜಿ.ಯಲ್ಲಿ ಕಂಬಳಿ ಹೊದ್ದು ಮಲಗಿರುತ್ತಾನೆ. ಏಕಾಏಕಿ ಏರಿದ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮುರಿದಂಥ ಮೈಕೈ ನೋವು, ಆಮೇಲೆ ವಾಂತಿ. ಪಕ್ಕದ ಕ್ಲಿನಿಕ್‌ನ ವೈದ್ಯರು ಡೆಂಗಿ ಎಂದುಕೊಳ್ಳುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಾರೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿದಿರುತ್ತದೆ, ಬಿಳಿ ರಕ್ತಕಣವೂ ಕಡಿಮೆ. ಡೆಂಗಿಯಲ್ಲೂ ಹೀಗೇ, ಮಂಗನ ಕಾಯಿಲೆಯಲ್ಲೂ ಹೀಗೇ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದರೆ ‘ವೈರಲ್ ಫೀವರ್’ ಎಂದು ಬರೆದು ಮುಗಿಸುತ್ತಾರೆ. ‘ಹೋದ ವಾರ ಎಲ್ಲಿಗೆ ಹೋಗಿದ್ದಿರಿ?’ ಎಂದು ಕೇಳುವಷ್ಟು ಪುರುಸೊತ್ತು ಆ ಸರತಿಯಲ್ಲಿ ಯಾರಿಗಿದೆ?

ಚಾರಣಕ್ಕೆ ಹೋದವರು ಈ ಕಾಯಿಲೆಯಿಂದ ಸತ್ತ ಉದಾಹರಣೆ ತೋರಿಸಿ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಹುಡುಕದೆ ಸಿಗದ ಕಾಯಿಲೆ ಇದು ಎಂಬುದಕ್ಕೆ ನಮ್ಮದೇ ಚರಿತ್ರೆ ಸಾಕ್ಷಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪುಣೆಯಿಂದ ಬಂದ ವೈರಸ್ ತಜ್ಞರಿಗೆ ಮೊದಲು ಹೆದರಿಕೆ ಹುಟ್ಟಿದ್ದು ಹಳದಿ ಜ್ವರದ್ದು. ಪ್ರಯೋಗಾಲಯದಲ್ಲಿ ಸಿಕ್ಕಿದ್ದು ರಷ್ಯಾದ ಕಾಡುಗಳ ಉಣುಗು ಜ್ವರದ ನೆಂಟ. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದು ಶಿವಮೊಗ್ಗ ಮತ್ತು ಅದರ ಸುತ್ತಲಿನ ಮಲೆನಾಡು, ಕರಾವಳಿ ಜಿಲ್ಲೆಗಳ ಕಾಯಿಲೆ ಎಂದೇ ಎಲ್ಲರೂ ನಂಬಿದ್ದರು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳ ದೇಹ ಮುಟ್ಟಿ ವಿಲೇವಾರಿ ಮಾಡಿದ ಅರಣ್ಯ ನೌಕರರು ಜ್ವರ ಹಿಡಿದು ಮಲಗಿದರು, ಪರೀಕ್ಷಿಸಿದರೆ ಅದೇ ಕಾಯಿಲೆ. ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಲ್ಲವೂ ಪಟ್ಟಿಗೆ ಸೇರಿದವು.

ಈ ಪಟ್ಟಿಯಲ್ಲಿ ಯಾರೂ ಎತ್ತಿ ಹೇಳದ ಪ್ರಕರಣ ಒಂದಿದೆ. ಚಾರಣದ ವಿಷಯಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು. ಬೆಳಗಾವಿ ಜಿಲ್ಲೆಯ ಕೂಲಿಕಾರರು ಗೇರುಬೀಜದ ಹಂಗಾಮಿನಲ್ಲಿ ಗೋವಾದ ತೋಟಗಳಿಗೆ ಹೋಗುತ್ತಾರೆ. 2016ರಲ್ಲಿ ಹಾಗೆ ಹೋದವರು ಊರಿಗೆ ಮರಳಿದ ಮೇಲೆ ಜ್ವರ ಬಿದ್ದರು. ಉಣುಗು ಕಚ್ಚಿದ್ದು ಒಂದು ರಾಜ್ಯದಲ್ಲಿ, ಜ್ವರ ಬಂದದ್ದು ಇನ್ನೊಂದರಲ್ಲಿ. ಅವರ ಊರಿನಲ್ಲಿ ಮಂಗ ಸತ್ತಿರಲಿಲ್ಲ, ಕಾಡಿನ ಅಂಚಿನ ಹಳ್ಳಿಗಳಲ್ಲಿ ನಡೆಯುವ ಯಾವ ಕಣ್ಗಾವಲೂ ಇರಲಿಲ್ಲ. ಅವರು ಎಲ್ಲಿಗೆ ದುಡಿಯಲು ಹೋಗಿದ್ದರು ಎಂದು ವಿಚಾರಿಸಿದ್ದರಿಂದ ಮಾತ್ರ ಕಾಯಿಲೆಯ ಹೆಸರು ಗೊತ್ತಾಯಿತು. ಕೂಲಿಕಾರನ ಗೇರುತೋಟದ ಜಾಗದಲ್ಲಿ ಸಾಫ್ಟ್‌ವೇರ್ ಉದ್ಯೋಗಿಯ ಚಾರಣದ ದಾರಿ ಇಟ್ಟು ನೋಡಿ. ಕಥೆಯ ಒಂದು ಸಾಲೂ ಬದಲಾಗುವುದಿಲ್ಲ.

ಮಲೆನಾಡಿನ ಹಳ್ಳಿಯವರ ಪಾಡು ಬೇರೆ. ಸೊಪ್ಪಿನಬೆಟ್ಟಕ್ಕೆ ಹೋಗುವವರು, ದರಗು ಗುಡಿಸುವವರು, ದನದ ಹಿಂದೆ ಅಲೆಯುವವರು ದಿನಾ ಕಾಡಿಗೆ ಕಾಲಿಡಲೇಬೇಕು. ಕಾಯಿಲೆಯ ಪೂರ್ತಿ ಭಾರ ಹೊತ್ತವರು ಅವರೇ. 2019ರಲ್ಲಿ ಈ ಕಾಯಿಲೆ ಹಬ್ಬಿ ಸಾವುಗಳಾದಾಗ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ್ದನ್ನು ವಾರಾಂತ್ಯದ ಚಾರಣಿಗನ ಅಪಾಯಕ್ಕೆ ಹೋಲಿಸುವುದೇ ತಪ್ಪು. ಆದರೆ ಒಂದು ವಿಷಯದಲ್ಲಿ ಅರಳಗೋಡಿನವರು ಬೆಂಗಳೂರಿನವನಿಗಿಂತ ಮುಂದಿದ್ದಾರೆ. ಅಲ್ಲಿ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಜ್ವರ ಇದೆಯೇ ಎಂದು ಕೇಳುತ್ತಾಳೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಡಿಸೆಂಬರ್ ನಂತರದ ಯಾವ ಜ್ವರ ಕಂಡರೂ ಮೊದಲು ನೆನಪಾಗುವುದು ಮಂಗನ ಕಾಯಿಲೆಯೇ. ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುತ್ತದೆ. ಬೆಳ್ಳಂದೂರಿನ ಪಿ.ಜಿ.ಗೆ ಯಾವ ಆಶಾ ಕಾರ್ಯಕರ್ತೆಯೂ ಬರುವುದಿಲ್ಲ.

ತಡವಾದರೆ ಏನಾಗುತ್ತದೆ? ಈ ವೈರಸ್ಸಿಗೆ ನೇರ ಔಷಧಿ ಇಲ್ಲ, ನಿಜ. ಹಾಗೆಂದು ಹೆಸರು ಬೇಗ ಗೊತ್ತಾಗುವುದರಿಂದ ಲಾಭವಿಲ್ಲ ಎನ್ನುವುದು ಮೊಂಡುವಾದ. ರಕ್ತಸ್ರಾವದ ಅಪಾಯವಿರುವ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆ ನುಂಗಬಾರದು. ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಜನ ಕೇಳಿ ಪಡೆಯುವುದು ಅಂಥವನ್ನೇ. ದೇಹದ ನೀರು ಆರದಂತೆ, ರಕ್ತದೊತ್ತಡ ಕುಸಿಯದಂತೆ ಕಾಯಬೇಕು. ಜ್ವರ ಬಿಟ್ಟಿತು ಎಂದು ಎದ್ದು ಓಡಾಡುವ ಕೆಲವರಲ್ಲಿ ಒಂದೆರಡು ವಾರದ ಬಳಿಕ ಅದು ಮರುಕಳಿಸಿ ಮಿದುಳಿಗೆ ಏರುತ್ತದೆ. ಆ ಸುತ್ತಿನ ಬಗ್ಗೆ ಮೊದಲೇ ಎಚ್ಚರಿಸಲು ಹೆಸರು ಗೊತ್ತಿರಬೇಕು. ಸೋಂಕಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ವಾರಾಂತ್ಯದ ಮೋಜಿಗೆ ತೆರಬಹುದಾದ ಬೆಲೆ ಇದಲ್ಲ.

ನಮ್ಮ ಚಾರಣಿಗರಿಗೆ ಉಣುಗಿನ ಬಗ್ಗೆ ಏನೂ ಗೊತ್ತಿಲ್ಲ ಎಂದಲ್ಲ. ಗೊತ್ತಿರುವುದೆಲ್ಲ ಅಮೆರಿಕದ್ದು, ಅದೇ ಫಜೀತಿ. ಯೂಟ್ಯೂಬಿನ ವೀಡಿಯೊ ನೋಡಿ ಕಲಿತ ಪಾಠ ಹೀಗಿದೆ: ಉಣುಗು ಕಚ್ಚಿದರೆ ಗಾಬರಿ ಬೇಡ, 24 ಗಂಟೆಯೊಳಗೆ ಕಿತ್ತು ತೆಗೆದರೆ ಸಾಕು. ಅದು ಲೈಮ್ ಕಾಯಿಲೆಯ ಲೆಕ್ಕ. ಲೈಮ್ ಬ್ಯಾಕ್ಟೀರಿಯಾ ಉಣುಗಿನ ಕರುಳಿನಲ್ಲಿರುತ್ತದೆ. ಉಣುಗು ರಕ್ತ ಹೀರತೊಡಗಿದ ಮೇಲೆ ಬ್ಯಾಕ್ಟೀರಿಯಾ ಎಚ್ಚೆತ್ತು ಜೊಲ್ಲಿನ ಗ್ರಂಥಿಗೆ ಬರಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಉಣುಗಿನಿಂದ ಹರಡುವ ವೈರಸ್ಸುಗಳ ದಾರಿ ಬೇರೆ. ಅವು ಜೊಲ್ಲಿನಲ್ಲೇ ಕಾದು ಕೂತಿರಬಲ್ಲವು. ಮಂಗನ ಕಾಯಿಲೆಯ ಬಳಗದ್ದೇ ಆದ ಪೊವಾಸನ್ ವೈರಸ್ ಕುರಿತು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗೆ ಸೋಂಕು ದಾಟಲು 15 ನಿಮಿಷ ಸಾಕಾಗಿತ್ತು. ಸಂಜೆ ಹೋಂಸ್ಟೇಗೆ ಬಂದು ಸ್ನಾನಕ್ಕೆ ಇಳಿದಾಗ ಹುಡುಕಿ ಕೀಳುತ್ತೇನೆ ಎನ್ನುವವನಿಗೆ ಮಲೆನಾಡಿನಲ್ಲಿ ಆ 24 ಗಂಟೆಯ ರಿಯಾಯಿತಿ ಇದೆ ಎಂದು ಯಾರು ಹೇಳಿದರು? ಹುಡುಕಬೇಕು, ಕೀಳಬೇಕು, ಸಂಶಯವೇ ಇಲ್ಲ. ಸಪೂರ ಮೊನೆಯ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎತ್ತಬೇಕು. ಸೀಮೆಎಣ್ಣೆ ಸುರಿಯುವುದು, ಬೀಡಿ ತುದಿ ಮುಟ್ಟಿಸುವುದು, ಉಗುರಿನಲ್ಲಿ ಚಿಟ್ಟೆನಿಸಿ ಒಡೆಯುವುದು ಬೇಡ. ಆದರೆ ಇದೆಲ್ಲ ಎರಡನೆಯ ಬೇಲಿ. ಮೊದಲನೆಯದು ಕಚ್ಚಿಸಿಕೊಳ್ಳದೆ ಇರುವುದು.

ಅದಕ್ಕೆ ಬೇಕಾದ ತಿಂಗಳ ಲೆಕ್ಕವೂ ನಮ್ಮಲ್ಲಿ ತಲೆಕೆಳಗಾಗಿದೆ. ಜೂನ್‌ನಲ್ಲಿ ಬೆಟ್ಟಕ್ಕೆ ಹೊರಟವರು ಇಂಬಳಕ್ಕೆ ಹೆದರಿ ಉಪ್ಪು, ನಸ್ಯ, ಸುಣ್ಣ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ. ಇಂಬಳ ಒಂದಿಷ್ಟು ರಕ್ತ ಕುಡಿದು ಉದುರುತ್ತದೆ, ಅಷ್ಟೇ. ಮಳೆ ನಿಂತು ದಾರಿ ಒಣಗಿದ ಮೇಲೆ ಅದೇ ಜನ ಚಡ್ಡಿ ತೊಟ್ಟು ನಿರಾಳವಾಗಿ ತರಗೆಲೆಯ ಮೇಲೆ ಅಂಗಾತ ಮಲಗುತ್ತಾರೆ. ಎಳ್ಳಿನ ಕಾಳಿಗಿಂತ ಚಿಕ್ಕದಾದ ಮರಿ ಉಣುಗು ಕಾಯುತ್ತಿರುವುದು ಆ ತರಗೆಲೆಯಲ್ಲಿ, ಆ ತಿಂಗಳುಗಳಲ್ಲಿ. ಬಲಿತ ಉಣುಗು ಮಳೆಗಾಲದಲ್ಲಿ ದನದ ಮೈ ಹುಡುಕುತ್ತದೆ; ಮನುಷ್ಯರಿಗೆ ಸೋಂಕು ತಗಲಿಸುವುದು ಬಹುಪಾಲು ನವೆಂಬರ್‌ ದಾಟಿದ ಮೇಲಿನ ಮರಿಗಳೇ. ಹಂಗಾಮು ಮೇ ತನಕ ಎಳೆಯುತ್ತದೆ. ಫೆಬ್ರುವರಿಯಿಂದ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಹಲವು ದಾರಿಗಳನ್ನು ಮುಚ್ಚುವುದರಿಂದ ಅರ್ಧ ಅಪಾಯ ತನ್ನಿಂದ ತಾನೇ ತಪ್ಪುತ್ತಿದೆ. ಬೆಂಕಿಯ ಪುಣ್ಯ! ಉಳಿಯುವುದು ನವೆಂಬರ್‌ನಿಂದ ಜನವರಿ. ಚಾರಣಕ್ಕೆ ನೂಕುನುಗ್ಗಲು ಇರುವುದೂ ಆಗಲೇ.

ಲಸಿಕೆಯ ಆಸರೆ ಸದ್ಯಕ್ಕಿಲ್ಲ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆ ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ರಕ್ಷಣೆ ಕೊಡುತ್ತಿತ್ತು ಎಂದು 2005–10ರ ಅವಧಿಯ ಅಧ್ಯಯನ ಹೇಳಿತ್ತು. ಚುಚ್ಚಿದರೆ ತೋಳು ಊದಿ ನೋಯುತ್ತಿದ್ದ ಆ ಲಸಿಕೆಗೆ ಬೂಸ್ಟರ್‌ವರೆಗೆ ಬಂದವರು ಎಷ್ಟು ಮಂದಿ ಎಂಬುದು ಮಲೆನಾಡಿನವರಿಗೆ ಗೊತ್ತು. 2022ರಲ್ಲಿ ಅದೂ ನಿಂತಿತು. ಐಸಿಎಂಆರ್ ನೆರವಿನ ಹೊಸ ಲಸಿಕೆ ಹಳ್ಳಿಯ ಕೇಂದ್ರಗಳಿಗೆ ಬಂದಾಗಲೂ ಮೊದಲ ಸರದಿ ಸೊಪ್ಪು ತರುವವರದ್ದಾಗಿರಬೇಕು, ಚಾರಣಿಗರದ್ದಲ್ಲ. ಆಸ್ಟ್ರಿಯಾ ಇದೇ ಬಳಗದ ಉಣುಗು ಜ್ವರದ ವಿರುದ್ಧ 1981ರಲ್ಲೇ ಇಡೀ ದೇಶಕ್ಕೆ ಲಸಿಕೆ ಹಾಕಲು ಹೊರಟು ಕಾಯಿಲೆಯನ್ನು ಮಟ್ಟ ಹಾಕಿತು. ಬೆಟ್ಟ ಹತ್ತುವ ಮಧ್ಯಮ ವರ್ಗಕ್ಕೂ ಅಲ್ಲಿ ಆ ಕಾಯಿಲೆ ಬರುತ್ತಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ಈಗ ಬುಕಿಂಗ್ ವಿಷಯಕ್ಕೆ ಬರೋಣ. 300ರ ಮಿತಿ ಜಾರಿಯಾಗಬೇಕಾದರೆ ಯಾವ ದಾರಿಗೆ, ಯಾವ ದಿನ, ಯಾರು ಹೋದರು ಎಂಬ ದಾಖಲೆ ಸರ್ಕಾರದ ಕೈಯಲ್ಲಿ ಇರಲೇಬೇಕು. ಇದೆ. ಬೆಳಗಾವಿಯ ಕೂಲಿಕಾರರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಕಲೆಹಾಕಬೇಕಾಗಿ ಬಂದ ಮಾಹಿತಿ, ಚಾರಣಿಗರ ಮಟ್ಟಿಗೆ ಕಾಯಿಲೆಗೆ ಮುಂಚೆಯೇ ಕಂಪ್ಯೂಟರಿನಲ್ಲಿ ಕೂತಿದೆ. ಆರೋಗ್ಯ ಇಲಾಖೆ ಕೋಟಿ ಸುರಿದರೂ ಕಟ್ಟಲಾಗದ ಕಣ್ಗಾವಲು ಇದು. ಅದನ್ನು ತಲೆ ಎಣಿಸುವುದಕ್ಕೆ ಮಾತ್ರ ಬಳಸುತ್ತ, ತಲೆ ಎಷ್ಟಿರಬೇಕು ಎಂದು ಜಗಳವಾಡುತ್ತಿದ್ದೇವೆ.

ಬೇಕಾಗಿರುವುದು ಎರಡು ಎಸ್‌ಎಂಎಸ್. ಹೋಗಿ ಬಂದ ಮೂರನೆಯ ದಿನ ಒಂದು, ಎಂಟನೆಯ ದಿನ ಇನ್ನೊಂದು. ‘ನೀವು ಇಂಥ ದಿನ ಕೊಡಚಾದ್ರಿಗೆ ಹೋಗಿದ್ದಿರಿ. ಈಗ ಜ್ವರ, ತೀವ್ರ ತಲೆನೋವು, ಮೈಕೈ ನೋವು ಇದ್ದರೆ ಕೂಡಲೇ ವೈದ್ಯರ ಬಳಿ ಹೋಗಿ, ಈ ಸಂದೇಶ ತೋರಿಸಿ’ — ಇಷ್ಟೇ. ವೈದ್ಯರು ಕೇಳದಿದ್ದ ಪ್ರಶ್ನೆಗೆ ಉತ್ತರ ರೋಗಿಯ ಜೇಬಿನಲ್ಲೇ ಇರುತ್ತದೆ. ಕೆಳಗೆ ಮಾದರಿ ಕಳಿಸಬೇಕಾದ ಪ್ರಯೋಗಾಲಯದ ದೂರವಾಣಿ ಸಂಖ್ಯೆ ಸೇರಿಸಿದರೆ ಇನ್ನೂ ಒಳ್ಳೆಯದು. ಒಬ್ಬನೇ ತನ್ನ ಗುಂಪಿಗೆಲ್ಲ ಟಿಕೆಟ್ ತೆಗೆಯುತ್ತಾನಲ್ಲ ಎಂದರೆ, ಪ್ರತಿಯೊಬ್ಬರ ಮೊಬೈಲ್ ಸಂಖ್ಯೆ ಕೇಳಿ. ರೈಲ್ವೆ ಟಿಕೆಟ್ಟಿಗೆ ವಯಸ್ಸು ಬರೆಯುವವರಿಗೆ ಇದೇನೂ ಕಷ್ಟವಾಗದು.

ಪ್ರವಾಸೋದ್ಯಮಕ್ಕೆ ಪೆಟ್ಟು ಬೀಳುತ್ತದೆ ಎಂಬ ಆಕ್ಷೇಪ ಹೋಂಸ್ಟೇ ಕಡೆಯಿಂದ ಬಂದೇ ಬರುತ್ತದೆ. ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕೋವಿಡ್ ಕಾಲದ ಗುಮ್ಮನನ್ನು ಇಲ್ಲಿಗೆ ಎಳೆಯಬೇಕಿಲ್ಲ. ಹೆಸರಿಲ್ಲದ ಜ್ವರದಿಂದ ಒಬ್ಬ ಚಾರಣಿಗ ಸತ್ತು, ಆಮೇಲೆ ಸುದ್ದಿವಾಹಿನಿಗಳು ಹೆಸರು ಕಂಡುಹಿಡಿದರೆ ಆಗ ಬೀಳುವ ಪೆಟ್ಟಿನ ಮುಂದೆ ಎಸ್‌ಎಂಎಸ್ ಏನೂ ಅಲ್ಲ. ಅರಣ್ಯ ಇಲಾಖೆಯ ದತ್ತಾಂಶವನ್ನು ಆರೋಗ್ಯ ಇಲಾಖೆಗೆ ಕೊಡುವುದು ಹೇಗೆ ಎಂಬ ಕಡತದ ಪ್ರಶ್ನೆಗೂ ನನ್ನಲ್ಲಿ ಸಹನೆ ಉಳಿದಿಲ್ಲ. ಮಂಗ ಸತ್ತ ಜಾಗಕ್ಕೆ ಮಲಾಥಿಯಾನ್ ಪುಡಿ ಹಿಡಿದು ಈ ಎರಡೂ ಇಲಾಖೆಯವರು ಹೋಗುವುದು ಹೊಸತೇನಲ್ಲ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳೇ ಆ ಜಾಗವನ್ನು ವಿಷದ ಮಡು ಮಾಡುವುದು ಎಂದು ಇಬ್ಬರಿಗೂ ಗೊತ್ತು. ಮಂಗ ಸತ್ತ ಸುದ್ದಿ ಬುಕಿಂಗ್ ತಾಣಕ್ಕೂ ತಲುಪಿ, ಅಲ್ಲಿನ ಚಾರಣದ ದಾರಿ ತಾನೇ ಮುಚ್ಚಿಕೊಳ್ಳುವಂತೆ ಮಾಡುವುದು ಒಂದು ಸುತ್ತೋಲೆಯ ಕೆಲಸ. ಬೆಂಕಿಗೆ ಮುಚ್ಚಬಹುದಾದರೆ ಉಣುಗಿಗೂ ಮುಚ್ಚಬಹುದು, ಅದೂ ಇಡೀ ಜಿಲ್ಲೆಯನ್ನಲ್ಲ, ಒಂದೇ ದಾರಿಯನ್ನು, ಕೆಲವು ವಾರ.

ಇನ್ನು ಗೈಡ್‌ಗಳು. ಚಾರಣಿಗ ವರ್ಷಕ್ಕೊಮ್ಮೆ ಹೋದರೆ ಊರಿನ ಗೈಡ್ ವಾರಕ್ಕೆ ಎಷ್ಟು ಸಲ ಅದೇ ತರಗೆಲೆ ತುಳಿಯುತ್ತಾನೋ! ಚಾರಣದ ಚರ್ಚೆಯಲ್ಲಿ ಅವನ ಹೆಸರೇ ಇಲ್ಲ. ಡಿಆರ್‌ಡಿಒ ರೂಪಿಸಿದ ಡೆಪಾ ಎಣ್ಣೆಯನ್ನು ಸರ್ಕಾರ ಕಾಡಂಚಿನ ಮನೆಗಳಿಗೆ ಹಂಚುತ್ತದೆ. ಚಾರಣದ ಗೇಟಿನಲ್ಲೂ ಅದರ ಬಾಟಲಿ ಇರಲಿ, ಗೈಡ್ ಮೊದಲು ಹಚ್ಚಿಕೊಂಡು ಆಮೇಲೆ ಉಳಿದವರ ಕಾಲಿಗೆ, ಕೈಗೆ ಹಚ್ಚಿಸಲಿ. ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಸೇರಿದೆಯೇ ಎಂದು ನೋಡಿ ಒಳಗೆ ಬಿಡುವುದು, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಇದೆಯೇ ಎಂದು ಹುಡುಕುವುದಕ್ಕಿಂತ ಹೆಚ್ಚು ಹೊತ್ತಿನ ಕೆಲಸವಲ್ಲ. ಟಿಕೆಟ್ ದುಡ್ಡಿನಲ್ಲಿ ಅವನ ಜ್ವರದ ಪರೀಕ್ಷೆಗೂ ಆಸ್ಪತ್ರೆಯ ಖರ್ಚಿಗೂ ಒಂದು ಪಾಲು ತೆಗೆದಿಡುವ ಆದೇಶ ಹೊರಡಿಸಲು ಸಚಿವ ಸಂಪುಟ ಸಭೆಯೂ ಬೇಕಿಲ್ಲ. ಈ ಸಲದ ಹಂಗಾಮಿಗೆ ಇದಾಗಬೇಕಾದರೆ ಕಡತ ನವೆಂಬರ್‌ಗೆ ಮುಂಚೆ ಅಲುಗಬೇಕು.